ತರಗತಿಯ ನಿಯಮಗಳು: ಮನೆಯವರೂ ಮಕ್ಕಳೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮಾಸ್ತರ್. ನಮ್ಮಲ್ಲಿ 1ರಿಂದ 10ನೇ ತರಗತಿವರೆಗೆ ಒಂದೇ ಕಾಂಪೌಂಡಿನಲ್ಲಿದೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೆ ಸಾಕು, ಗೇಟಿನ ಹತ್ತಿರ, ಸಂತೆಯಲ್ಲಿ, ಚಹಾ ಅಂಗಡಿಯಲ್ಲಿ, ಎಲ್ಲ ಕಡೆ ಇವೇ ಪ್ರಶ್ನೆಗಳು. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಓದಲು ಬಾರದ ಮನೆಯವರಿಗೆ ಮಕ್ಕಳೇ ಓದಿ ಹೇಳಲಿ. ಅದನ್ನೂ ಒಂದು ಹೋಂವರ್ಕ್ ಅಂತ ತಿಳಿಯಿರಿ.

ಒಟ್ಟು ಎಷ್ಟು ನಿಯಮ ಇವೆ?

ಐದು. ಪ್ರತಿ ಕೋಣೆಯ ಗೋಡೆಯ ಮೇಲೆ ಬರೆದಿವೆ. ದಿನಾ ಬರಬೇಕು. ಗಂಟೆ ಹೊಡೆಯುವ ಹೊತ್ತಿಗೆ ಒಳಗಿರಬೇಕು. ತಿಳಿಯದಿದ್ದರೆ ಕೇಳಬೇಕು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಯಾರನ್ನೂ ಕೈಯಿಂದಾಗಲಿ ಬಾಯಿಂದಾಗಲಿ ನೋಯಿಸಬಾರದು.

ಕೆಲವು ಕಡೆ ಇಪ್ಪತ್ತು ಮೂವತ್ತು ನಿಯಮಗಳ ದೊಡ್ಡ ಬೋರ್ಡು ಇರುತ್ತದೆ. ಬಣ್ಣ ಚೆನ್ನಾಗಿರುತ್ತದೆ, ಓದುವವರು ಯಾರೂ ಇರುವುದಿಲ್ಲ. ಪುಸ್ತಕಕ್ಕೆ ಹಾಳೆ ಹಾಕಿಲ್ಲ, ತಲೆಗೆ ಎಣ್ಣೆ ಹಚ್ಚಿಲ್ಲ ಎನ್ನುವುದನ್ನೆಲ್ಲ ನಿಯಮ ಮಾಡಿದರೆ, ಮಗು ತಪ್ಪದೆ ಬರುತ್ತಿದೆಯಾ ಎಂದು ನೋಡಲು ಮಾಸ್ತರಿಗೆ ಪುರುಸೊತ್ತೇ ಸಿಗುವುದಿಲ್ಲ.

"ಒಂದೆರಡು ದಿನ ಬಿಟ್ಟರೆ ಏನಾಗ್ತದ್ರೀ ಸರ್?"

ಈ ಪ್ರಶ್ನೆಯೇ ಎಲ್ಲಕ್ಕಿಂತ ಜಾಸ್ತಿ ಬರುವುದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಒಂದೆರಡು ದಿನ ಬಿಟ್ಟರೆ ಏನೂ ಆಗುವುದಿಲ್ಲ. ಆದರೆ ನಮ್ಮ ಕಡೆ ಯಾರೂ ಒಂದೆರಡು ದಿನ ಬಿಡುವುದಿಲ್ಲ. ಹತ್ತಿ ಬಿಡಿಸುವಾಗ ಒಂದು ವಾರ, ತೊಗರಿ ರಾಶಿಗೆ ಒಂದು ವಾರ, ತಂಗಿಗೆ ಜ್ವರ, ಅತ್ತೆಯ ಮನೆಯಲ್ಲಿ ಕುಬಸ, ಹೀಗೆ ಸೇರುತ್ತಾ ಹೋಗುತ್ತದೆ. ಹಾಜರಿ ಪುಸ್ತಕ ತೆಗೆದು ಡಿಸೆಂಬರ್ ಹಾಳೆ ನೋಡಿದರೆ ಗೊತ್ತಾಗುತ್ತದೆ. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯ 'ಗೈ' ಸಾಲುಗಟ್ಟಿ ನಿಂತಿರುತ್ತದೆ. ಮಧ್ಯದಲ್ಲಿ ಒಂದು ದಿನ ಹಾಜರಿ, ಮತ್ತೆ ಸಾಲು.

ಗಣಿತದಲ್ಲಿ ಇದು ಬಹಳ ಹೊಡೆತ ಕೊಡುತ್ತದೆ. ಭಿನ್ನರಾಶಿ ಹೇಳಿದ ವಾರ ಹುಡುಗ ಹೊಲದಲ್ಲಿದ್ದ ಅಂತ ಇಟ್ಟುಕೊಳ್ಳಿ. ಮುಂದಿನ ವಾರ ದಶಮಾಂಶ ಬಂತು, ತಿಳಿಯಲಿಲ್ಲ. ಆಮೇಲೆ ಶೇಕಡಾ ಬಂತು, ಅದೂ ತಿಳಿಯಲಿಲ್ಲ. ಅಷ್ಟರಲ್ಲಿ ಅವನು "ನನಗೆ ಗಣಿತ ಬರಲ್ಲ" ಎಂದು ತೀರ್ಮಾನ ಮಾಡಿಕೊಂಡಿರುತ್ತಾನೆ. ಅವನಿಗೆ ಬರದೇ ಹೋಗಿದ್ದು ಗಣಿತ ಅಲ್ಲ, ಆ ಒಂದು ವಾರ.

10ನೇ ತರಗತಿಯವರಿಗೆ ಇನ್ನೊಂದು ಮಾತು. ಹಾಜರಿ 75 ಪರ್ಸೆಂಟ್ ಇರದಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ತೊಂದರೆಯಾಗುತ್ತದೆ. ಫೆಬ್ರುವರಿಯಲ್ಲಿ ಬಂದು "ಸರ್, ಹೆಂಗಾದ್ರೂ ಮಾಡಿ ಹಾಜರಿ ತುಂಬಿಸ್ರಿ" ಎಂದರೆ ಆಗುವುದಿಲ್ಲ.

2024ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ ಯಾದಗಿರಿಗೆ. 2025ರಲ್ಲಿ ನಮ್ಮ ಕಲಬುರಗಿಗೆ. ಫಲಿತಾಂಶ ಬಂದ ದಿನ ಎಲ್ಲರೂ ಒಂದೊಂದು ಕಾರಣ ಹೇಳಿದರು. ಮಾಸ್ತರ್ ಕಡಿಮೆ ಇದ್ದಾರೆ ಎಂದರು, ನಿಜ. ಪರೀಕ್ಷೆ ಕೋಣೆಗೆ ಕ್ಯಾಮೆರಾ ಬಂತು ಎಂದರು, ಅದೂ ನಿಜ. ನಾನು ಮಾತ್ರ ಮೊದಲು ಹಾಜರಿ ಪುಸ್ತಕ ತೆಗೆದು ನೋಡಿ ಎನ್ನುತ್ತೇನೆ.

ಹೊಲದ ಕೆಲಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲೇಬಾರದಾ?

ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ನಿಮ್ಮದೇ ಹೊಲದಲ್ಲಿ ಕೈಜೋಡಿಸಿದರೆ ತಪ್ಪಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದಾಗಲೂ ಮನೆಯವರಿಗೆ ಈ ರೀತಿ ನೆರವಾಗುವುದನ್ನು ಬಿಟ್ಟಿದ್ದಾರೆ. ಆದರೆ 14 ವರ್ಷದೊಳಗಿನ ಮಗುವನ್ನು ಕೂಲಿಗೆ ಕಳಿಸುವಂತಿಲ್ಲ. ಶಾಲೆಯ ಹೊತ್ತಿನಲ್ಲಿ ಟಂಟಂ ತುಂಬ ಮಕ್ಕಳನ್ನು ಹೇರಿಕೊಂಡು ಹತ್ತಿ ಹೊಲಕ್ಕೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಅಪರಾಧ. ಕರೆದುಕೊಂಡು ಹೋದವರ ಮೇಲೆ ಕೇಸ್ ಆಗುತ್ತದೆ.

ಎಳ್ಳಮಾಸಿ, ಜಾತ್ರೆ, ಉರುಸಿಗೆ?

ಎಳ್ಳಮಾಸಿ ದಿನ ಶಾಲೆಗೆ ಬನ್ನಿ ಎಂದು ಈ ಕಡೆಯ ಯಾವ ಮಾಸ್ತರೂ ಹೇಳಲಾರ. ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರೇ ಹೊಲಕ್ಕೆ ಹೊರಟಿರುತ್ತದೆ. ಹೋಗಿ ಬನ್ನಿ. ಮಾರನೇ ದಿನ ಮಾತ್ರ "ಭಜ್ಜಿ ಉಳಿದಿತ್ತು ಸರ್" ಎನ್ನುವ ಕಾರಣ ನಡೆಯುವುದಿಲ್ಲ.

ಶರಣಬಸವೇಶ್ವರ ಜಾತ್ರೆ ಬರುವುದು ಹೋಳಿಯ ಆಸುಪಾಸಿನಲ್ಲಿ. ಪರೀಕ್ಷೆಯೂ ಅದೇ ಹೊತ್ತಿಗೆ ಬರುತ್ತದೆ. ತೇರಿಗೆ ಒಂದು ಸಂಜೆ ಹೋಗಿ ಬರಬಹುದು. ಜಾತ್ರೆಯ ಅಂಗಡಿಗಳು ಅದಾದ ಮೇಲೂ ಬಹಳ ದಿನ ಇರುತ್ತವೆ, ಎಲ್ಲಿಗೂ ಹೋಗುವುದಿಲ್ಲ.

ನಾವು ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುತ್ತೇವೆ. ಮಗುವಿನ ಹೆಸರು ಹೊಡೆದು ಹಾಕುತ್ತೀರಾ?

ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಸಾಧ್ಯವಾದರೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ. ಇಲ್ಲವಾದರೆ ಹಾಸ್ಟೆಲ್ ಬಗ್ಗೆ ಕೇಳಿ, ಅರ್ಜಿ ತುಂಬಲು ನಾವೇ ಸಹಾಯ ಮಾಡುತ್ತೇವೆ. ಜೊತೆಗೇ ಕರೆದೊಯ್ಯುವುದಾದರೆ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿ. ಟಿಸಿ ತಡವಾಯಿತು, ಹುಟ್ಟಿದ ದಿನದ ಕಾಗದ ಇಲ್ಲ ಎನ್ನುವ ಕಾರಣಕ್ಕೆ ಅವರು ಬೇಡ ಎನ್ನುವಂತಿಲ್ಲ. ಹೊರಡುವ ಮೊದಲು ಒಂದು ಮಾತು ಹೇಳಿ ಹೋಗಿ, ಸಾಕು. ಯಾರಿಗೂ ಹೇಳದೆ ರಾತ್ರಿ ಬಸ್ ಹತ್ತಿಬಿಟ್ಟರೆ ಮಗು ಎಲ್ಲಿದೆ ಎಂದು ಪಕ್ಕದ ಮನೆಯವರನ್ನು ಕೇಳುತ್ತಾ ನಾವು ಓಣಿ ಓಣಿ ತಿರುಗಬೇಕಾಗುತ್ತದೆ.

ಲೇಟಾಗಿ ಬಂದರೆ ಹೊರಗೆ ನಿಲ್ಲಿಸುತ್ತೀರಾ?

ನಿಲ್ಲಿಸುವುದಿಲ್ಲ. ಮೊದಲೇ ಹತ್ತು ನಿಮಿಷದ ಪಾಠ ಹೋಗಿದೆ, ಹೊರಗೆ ನಿಲ್ಲಿಸಿ ಇನ್ನೊಂದು ಅರ್ಧ ಗಂಟೆ ಕಳೆದರೆ ಯಾರಿಗೆ ಲಾಭ?

ತಡವಾಗಿ ಬಂದವರು ಚಪ್ಪಲಿ ಸಾಲಿನಲ್ಲಿಟ್ಟು ಸುಮ್ನೆ ಒಳಗೆ ಬಂದು ಕೂರಬೇಕು. ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಸರ್" ಎಂದು ಕೂಗುವುದು ಬೇಡ. ಒಬ್ಬ ಕೂಗಿದರೆ ಕೋಣೆಯಲ್ಲಿದ್ದ ಎಲ್ಲ ತಲೆಗಳೂ ಬಾಗಿಲ ಕಡೆ ತಿರುಗುತ್ತವೆ. ಅರ್ಧ ಹೇಳಿದ್ದ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಕಾರಣವನ್ನು ಛುಟ್ಟಿಯಲ್ಲಿ ಕೇಳುತ್ತೇನೆ.

ಕೆಕೆಆರ್‌ಟಿಸಿ ಬಸ್ ತಡವಾದರೆ ಅದು ಮಗುವಿನ ತಪ್ಪಲ್ಲ. ಮಳೆಗಾಲದಲ್ಲಿ ಕಾಗಿಣಾ ತುಂಬಿ ಮಳಖೇಡದ ಸೇತುವೆ ಮೇಲೆ ನೀರು ಬಂದರೆ ಮಾಸ್ತರುಗಳೇ ಆ ಕಡೆ ಉಳಿದುಬಿಡುತ್ತಾರೆ. ಅಂಥ ದಿನ ಯಾರೂ ನೀರಿಗೆ ಇಳಿದು ಬರುವ ಸಾಹಸ ಮಾಡಬೇಡಿ. ಆದರೆ ಶಾಲೆಯ ಹಿಂದಿನ ಓಣಿಯಲ್ಲೇ ಮನೆ ಇದ್ದವರು ದಿನಾ ತಡ ಮಾಡಿದರೆ ಮನೆಗೆ ಬಂದು ಕೇಳುತ್ತೇನೆ.

"ನಾಕು ಬಡದರ ಕಲಿಸ್ರಿ ಸರ್, ಚರ್ಮ ನಿಮ್ದು, ಎಲಬು ನಮ್ದು."

ಇದು ಪ್ರಶ್ನೆಯಲ್ಲ, ಆದರೂ ಪ್ರಶ್ನೆಗಿಂತ ಜಾಸ್ತಿ ಕೇಳಿದ ಮಾತು. ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಉತ್ತರ ಮಾತ್ರ ಇಲ್ಲ ಎಂದೇ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಗುವಿಗೆ ಹೊಡೆಯುವುದೂ ತಪ್ಪು, ಮನಸ್ಸಿಗೆ ನೋವಾಗುವಂತೆ ಹಂಗಿಸುವುದೂ ತಪ್ಪು. ಕಿವಿ ಹಿಂಡುವುದು, ಬಿಸಿಲಲ್ಲಿ ನಿಲ್ಲಿಸುವುದು, ಮೊಣಕಾಲೂರಿಸುವುದು ಎಲ್ಲ ಇದರಲ್ಲೇ ಬಂತು. "ನಿನ್ನ ತಲೆಯಲ್ಲಿ ಸೆಗಣಿ ಇದೆ" ಎನ್ನುವುದೂ ಬಂತು. 9, 10ನೇ ತರಗತಿಯವರು ದೊಡ್ಡವರು ಎಂದು ಅವರಿಗೆ ಬೇರೆ ಲೆಕ್ಕ ಇಲ್ಲ.

ಕಾನೂನು ಹಾಗಿರಲಿ. ಪೆಟ್ಟು ತಿಂದ ಹುಡುಗ ಮಾರನೇ ದಿನ ಶಾಲೆಗೆ ಬರುವುದಿಲ್ಲ. ನಮ್ಮ ಮೊದಲ ನಿಯಮವನ್ನು ನಾವೇ ಮುರಿದ ಹಾಗಾಗುತ್ತದೆ, ಅಲ್ವಾ?

ಹಾಗಾದರೆ ತಪ್ಪು ಮಾಡಿದವರಿಗೆ ಏನೂ ಇಲ್ಲವೇ?

ಇದೆ. ಮೊದಲ ಸಲ ಹತ್ತಿರ ಕರೆದು, ಬೇರೆಯವರಿಗೆ ಕೇಳದ ಹಾಗೆ ಹೇಳುತ್ತೇವೆ. ಮತ್ತೆ ಅದೇ ಆದರೆ ಹಾಳು ಮಾಡಿದ್ದನ್ನು ಸರಿ ಮಾಡಬೇಕು. ಗೋಡೆಗೆ ಗೀಚಿದರೆ ಒರೆಸಬೇಕು, ಗೆಳೆಯನ ನೋಟ್‌ಬುಕ್ ಹರಿದರೆ ಕೂತು ನಕಲು ಮಾಡಿ ಕೊಡಬೇಕು, ಒಬ್ಬಳಿಗೆ ಅಡ್ಡಹೆಸರು ಇಟ್ಟು ಅಳಿಸಿದರೆ ಅವಳ ಮುಂದೆ ನಿಂತು ಮಾತಾಡಬೇಕು. ಇದು ಪೆಟ್ಟಿಗಿಂತ ಕಷ್ಟ. ಕೆಲವು ಹುಡುಗರು "ಸರ್, ಎರಡು ಹೊಡೆದುಬಿಡ್ರಿ, ಆದ್ರ ಇದು ಬ್ಯಾಡ್ರಿ" ಎಂದು ಕೇಳಿಕೊಂಡಿದ್ದಾರೆ.

ಮೂರನೇ ಸಲಕ್ಕೆ ಮನೆಯವರನ್ನು ಕರೆಯುತ್ತೇವೆ. ಕರೆದರೆ ದಯವಿಟ್ಟು ಬನ್ನಿ. ಬಂದು ನಮ್ಮ ಮುಂದೆಯೇ ಮಗನ ಕೆನ್ನೆಗೆ ಬಾರಿಸಬೇಡಿ. ಅದಕ್ಕೆ ಕರೆದಿರುವುದಲ್ಲ.

ಮಾತಾಡಿದವರ ಹೆಸರು ಬರೆಯುವ ಮಾನಿಟರ್ ಯಾಕಿಲ್ಲ?

ನೀವು ಓದುವಾಗ ಇತ್ತಲ್ಲ, ಬೋರ್ಡಿನ ಮೂಲೆಯಲ್ಲಿ ಹೆಸರುಗಳ ಸಾಲು, ಪಕ್ಕದಲ್ಲಿ ಇಂಟು ಮಾರ್ಕು. ಮಾನಿಟರನಿಗೆ ಒಂದು ಪೇರಲ ಹಣ್ಣು ಕೊಟ್ಟರೆ ಹೆಸರು ಅಳಿಸಿ ಹೋಗುತ್ತಿತ್ತು. ಕೊಡಲು ಏನೂ ಇಲ್ಲದವನ ಹೆಸರಿನ ಮುಂದೆ ಇಂಟುಗಳು ಏರುತ್ತಿದ್ದವು. ಹಾಗಾಗಿ ನಮ್ಮಲ್ಲಿ ಅದು ಇಲ್ಲ. ವಾರಕ್ಕೆ ಇಬ್ಬರಂತೆ ಎಲ್ಲರೂ ಸರದಿಯಲ್ಲಿ ಮುಂದಾಳುಗಳು. ಅವರ ಕೆಲಸ ಡಸ್ಟರ್, ಸೀಮೆಸುಣ್ಣ, ಕಿಟಕಿ, ನೀರಿನ ಕೊಡ. ಚಾಡಿ ಹೇಳುವುದಲ್ಲ.

ಇನ್ನು ತರಗತಿ ಯಾವಾಗಲೂ ಮೌನವಾಗಿರಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗುಂಪಿನಲ್ಲಿ ಲೆಕ್ಕ ಬಿಡಿಸುವಾಗ ಗಲಾಟೆ ಆಗಲಿ. ಹೆಡ್ ಮಾಸ್ತರ್ ಕೋಣೆಗೆ ಕೇಳುವಷ್ಟು ಮಾತ್ರ ಬೇಡ. ಒಬ್ಬರು ಎದ್ದು ಓದುವಾಗಲೋ ಉತ್ತರ ಹೇಳುವಾಗಲೋ ಉಳಿದವರು ಬಾಯಿ ಮುಚ್ಚಿರಬೇಕು. ಓದುತ್ತಿರುವವರು ತಡವರಿಸಿದರೆ ನಗಬಾರದು. ಒಂದು ಸಲ ನಕ್ಕರೆ ಆ ಹುಡುಗಿ ವರ್ಷವಿಡೀ ಮತ್ತೆ ಎದ್ದು ನಿಲ್ಲುವುದಿಲ್ಲ.

ಮಗಳಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ಪ್ರಶ್ನೆ ಕೇಳಲು ಹೆದರುತ್ತಾಳೆ.

ನಮ್ಮ ಒಂದೇ ಕೋಣೆಯಲ್ಲಿ ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು, ತಾಂಡಾದಿಂದ ಲಂಬಾಣಿ ಆಡುತ್ತಾ ಬರುವವರು ಎಲ್ಲ ಇದ್ದಾರೆ. ತೆಲಂಗಾಣದ ಗಡಿ ಪಕ್ಕದಲ್ಲೇ ಇದೆ. ಬೀದರ್ ಕಡೆ ಔರಾದ, ಭಾಲ್ಕಿಗೆ ಹೋದರೆ ಮರಾಠಿಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಕೇಳಬಹುದು. ನನಗೆ ತಿಳಿಯದಿದ್ದರೆ ಪಕ್ಕದಲ್ಲಿ ಕೂತವರು ಹೇಳುತ್ತಾರೆ. ಉತ್ತರ ಮಾತ್ರ ಕನ್ನಡದಲ್ಲಿ ಹೇಳಲು ಪ್ರಯತ್ನಿಸಬೇಕು, ಅರ್ಧಂಬರ್ಧ ಆದರೂ ಪರವಾಗಿಲ್ಲ.

"ತಿಳೀತಾ?" ಎಂದು ನಾನು ಕೇಳಿದರೆ ಇಡೀ ತರಗತಿ "ಹೂನ್ರೀ ಸರ್" ಎನ್ನುತ್ತದೆ. ಅದನ್ನು ನಾನು ನಂಬುವುದಿಲ್ಲ. ತಿಳಿಯದವರು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಬೇಕು. ನೋಟ್‌ಬುಕ್ ತಿದ್ದುವಾಗ ಆ ಚುಕ್ಕೆ ನೋಡಿ ಮಾರನೇ ದಿನ ಅದೇ ಲೆಕ್ಕವನ್ನು ಮತ್ತೆ ಮಾಡಿಸುತ್ತೇನೆ. ಕೈ ಎತ್ತಲು ನಾಚುವ ಮಕ್ಕಳಿಗೆ ಇದು ಸುಲಭ.

ಯೂನಿಫಾರ್ಮ್ ಇಲ್ಲದಿದ್ದರೆ?

ಇದ್ದ ಬಟ್ಟೆಯಲ್ಲಿ ಬನ್ನಿ. ಒಗೆದದ್ದಾಗಿದ್ದರೆ ಸಾಕು. ಒಗೆದು ಒಣಗಿಲ್ಲ ಎಂದು ಮನೆಯಲ್ಲಿ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಎಲ್ಲಿ ಕೂರಬೇಕು? ನನ್ನ ಮಗನನ್ನು ಮುಂದೆ ಕೂರಿಸಿ.

ಪ್ರತಿ ಸೋಮವಾರ ಸಾಲು ಬದಲಾಗುತ್ತದೆ. ಮುಂದಿದ್ದವರು ಹಿಂದೆ, ಹಿಂದಿದ್ದವರು ಮುಂದೆ. ಕಣ್ಣು ಮಂದ, ಕಿವಿ ಮಂದ ಇರುವ ಮಕ್ಕಳು ಮಾತ್ರ ಯಾವಾಗಲೂ ಮುಂದೆ. ಜಾತಿ ನೋಡಿ, ಜಾಣರು ದಡ್ಡರು ಎಂದು ನೋಡಿ ಕೂರಿಸುವುದಿಲ್ಲ. ಛಳಿಗಾಲದ ಬೆಳಿಗ್ಗೆ ನೆಲದ ಶಹಾಬಾದ್ ಪರಸಿ ಕಲ್ಲು ಐಸಿನ ಹಾಗೆ ಇರುತ್ತದೆ. ನೆಲದಲ್ಲಿ ಕೂರುವ ಚಿಕ್ಕ ತರಗತಿಯವರಿಗೆ ಮನೆಯಿಂದ ಒಂದು ಗೋಣಿತಟ್ಟು ಕೊಟ್ಟು ಕಳಿಸಿದರೆ ಒಳ್ಳೆಯದು.

ಮೊಬೈಲ್ ತರಬಹುದೇ?

ಇಲ್ಲ. ಅದೇ ರೀತಿ ಹೋಂವರ್ಕನ್ನು ನಾವೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಿಲ್ಲ. ಬಹಳ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ.

ಬ್ಯಾಗ್ ಬಹಳ ಭಾರ ಆಗುತ್ತಿದೆ.

ಸರ್ಕಾರವೇ 2019ರಲ್ಲಿ ಇದಕ್ಕೆ ಮಿತಿ ಹಾಕಿದೆ. 1, 2ನೇ ತರಗತಿಗೆ ಒಂದೂವರೆಯಿಂದ 2 ಕೆಜಿ, 3ರಿಂದ 5ಕ್ಕೆ 2ರಿಂದ 3 ಕೆಜಿ, 6ರಿಂದ 8ಕ್ಕೆ 3ರಿಂದ 4 ಕೆಜಿ, 9, 10ಕ್ಕೆ 4ರಿಂದ 5 ಕೆಜಿ. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ. ವೇಳಾಪಟ್ಟಿ ನೋಡಿ ಆ ದಿನದ್ದಷ್ಟೇ ತನ್ನಿ. ನೀರಿನ ಬಾಟಲಿ ಮಾತ್ರ ಬಿಡಬೇಡಿ. ಫೆಬ್ರುವರಿ ಕಳೆದರೆ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, ಏಪ್ರಿಲ್ ಹೊತ್ತಿಗೆ 40 ಡಿಗ್ರಿ ದಾಟುತ್ತದೆ. ಪಾಠದ ಮಧ್ಯೆಯೂ ನೀರು ಕುಡಿಯಬಹುದು, ಕೇಳಬೇಕಾಗಿಲ್ಲ.

ಊಟದ ಹೊತ್ತಿನ ನಿಯಮ ಏನು?

ಕೈ ತೊಳೆಯಬೇಕು. ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕು. "ಅವರ ಪಕ್ಕ ಕೂರುವುದಿಲ್ಲ", "ಅವರು ಮಾಡಿದ ಅಡುಗೆ ಉಣ್ಣುವುದಿಲ್ಲ" ಎನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ. ಇದೊಂದರಲ್ಲಿ ಮೊದಲ ಸಲ, ಎರಡನೇ ಸಲ ಎಂದು ಕಾಯುವುದಿಲ್ಲ, ಅದೇ ದಿನ ಮನೆಯವರನ್ನು ಕರೆಯುತ್ತೇವೆ. ಮಕ್ಕಳಿಗೆ ಇಂಥ ಮಾತು ತಾನಾಗಿ ಬರುವುದಿಲ್ಲ.

ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದೇ ಕಲಬುರಗಿ, ಬೀದರ್, ಯಾದಗಿರಿ ಸೇರಿ ಈ ಭಾಗದ ಜಿಲ್ಲೆಗಳಲ್ಲಿ. ಆಗ ದೊಡ್ಡ ಚರ್ಚೆ ಆಯಿತು. ಮಕ್ಕಳು ಚರ್ಚೆಗೆ ಹೋಗಲಿಲ್ಲ, ಸಿಪ್ಪೆ ಸುಲಿದು ತಿಂದರು. ಪಕ್ಕದವನು ಏನು ತಿನ್ನುತ್ತಾನೆ ಎಂದು ಆಡಿಕೊಳ್ಳಬಾರದು, ನಿಯಮ ಅಷ್ಟೇ. ಬೇಕಾದಷ್ಟು ಹಾಕಿಸಿಕೊಳ್ಳಿ, ಹಾಕಿಸಿಕೊಂಡದ್ದನ್ನು ಚೆಲ್ಲಬೇಡಿ.

ಮಕ್ಕಳಿಂದ ಕಸ ಗುಡಿಸುತ್ತೀರಂತೆ?

ತಮ್ಮ ಕೋಣೆಯ ಕಾಗದದ ಚೂರು, ಪೆನ್ಸಿಲ್ ಸಿಪ್ಪೆ ಎತ್ತುವುದು ಎಲ್ಲರ ಕೆಲಸ. ಹುಡುಗರೂ ಕಸಬರಿಗೆ ಹಿಡಿಯುತ್ತಾರೆ, ಹುಡುಗಿಯರೂ ಹಿಡಿಯುತ್ತಾರೆ, ಸರದಿ ಪಟ್ಟಿ ಗೋಡೆಯ ಮೇಲಿದೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಶೌಚಾಲಯವನ್ನು ಮಾತ್ರ ಯಾವ ಮಗುವಿನಿಂದಲೂ ತೊಳೆಸುವಂತಿಲ್ಲ. ಯಾರಾದರೂ ಹೇಳಿದರೆ "ಆಗಲ್ಲ ಸರ್" ಎನ್ನುವ ಹಕ್ಕು ಮಗುವಿಗಿದೆ.

ಪಾಠದ ಮಧ್ಯೆ ಹೊರಗೆ ಹೋಗಬೇಕಾದರೆ?

ಕೈ ಎತ್ತಿ ತೋರಿಸಿ ಹೋಗಿ. ದೊಡ್ಡ ಹುಡುಗಿಯರು ಅದನ್ನೂ ಮಾಡಬೇಕಾಗಿಲ್ಲ, ಎದ್ದು ಹೋಗಬಹುದು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಪ್ಯಾಡ್ ಮೇಡಂ ಹತ್ತಿರ ಇರುತ್ತವೆ. ಆ ದಿನಗಳಲ್ಲಿ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ ಎಂದು ತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ. ಹೊಟ್ಟೆ ನೋವಿದ್ದರೆ ಮಲಗಲು ಇಲ್ಲೊಂದು ಕೋಣೆ ಇದೆ.

ಈ ಮಾತಿಗೇ ಸೇರಿದ್ದು ಇನ್ನೊಂದು. ಹುಡುಗಿ ದೊಡ್ಡವಳಾದಳು ಎಂದು 7ನೇ ತರಗತಿಗೋ 8ಕ್ಕೋ ಶಾಲೆ ಬಿಡಿಸಬೇಡಿ. 18 ತುಂಬುವ ಮೊದಲು ಮದುವೆ ಮಾಡಿದರೆ ಕರ್ನಾಟಕದ ಕಾನೂನಿನಲ್ಲಿ ಆ ಮದುವೆಗೆ ಬೆಲೆಯೇ ಇಲ್ಲ. ಹುಡುಗಿ ಕಾರಣ ಇಲ್ಲದೆ ಒಂದು ವಾರ ಕಾಣದಿದ್ದರೆ ನಾವು ಮನೆಗೆ ಬರುತ್ತೇವೆ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇವೆ. ಆಮೇಲೆ "ನೀವು ನಮ್ಮವರಾಗಿ ಹೀಗೆ ಮಾಡಿದ್ರಿ" ಎನ್ನಬೇಡಿ.

ಕಾಪಿ ಹೊಡೆದರೆ?

ಕಿರುಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಆ ಹಾಳೆ ತೆಗೆದುಕೊಂಡು ಹೊಸ ಹಾಳೆ ಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಬಂದಷ್ಟು ಬರೆಯಲಿ. ಸೊನ್ನೆ ಬಂದರೂ ಅದು ಅವನದೇ ಸೊನ್ನೆ, ಎಲ್ಲಿಂದ ಕಲಿಸಬೇಕು ಎಂದು ನನಗೆ ಗೊತ್ತಾಗುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಈ ಉಪಕಾರ ಯಾರೂ ಮಾಡುವುದಿಲ್ಲ. 2024ರಿಂದ ಕೋಣೆಯಲ್ಲಿ ಕ್ಯಾಮೆರಾ ಇದೆ. ಅದೇ ವರ್ಷದಿಂದ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವೂ ಇದೆ. ಮೊದಲ ಸಲ ಆಗದಿದ್ದರೆ ಮತ್ತೆ ಬರೆಯಬಹುದು, ಚೀಟಿ ಬೇಕಾಗಿಲ್ಲ.

ಗುಟ್ಕಾ?

ಕಿಸೆಯಲ್ಲಿ ಚೀಟು ಸಿಕ್ಕರೆ ಅದೇ ದಿನ ಮನೆಗೆ ಸುದ್ದಿ. ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರುವುದು 2003ರ ಕಾಯ್ದೆ ಪ್ರಕಾರ ಅಪರಾಧ, ಅಂಗಡಿಯವರಿಗೂ ಹೇಳಿದ್ದೇವೆ. ಅಪ್ಪನೇ ಮಗನನ್ನು ಅಂಗಡಿಗೆ ಕಳಿಸಿ ತರಿಸುತ್ತಿದ್ದರೆ ನಾವು ಎಷ್ಟು ಹೇಳಿದರೂ ಅಷ್ಟೇ.

ನಿಯಮ ಎಲ್ಲ ಮಕ್ಕಳಿಗೆ. ಮಾಸ್ತರಿಗೆ ಏನೂ ಇಲ್ಲವೇ?

6ನೇ ತರಗತಿಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಇದೆ, ಗೋಡೆಯ ಮೇಲೆ ಪಕ್ಕದಲ್ಲೇ ಬರೆದಿದೆ. ಹೊತ್ತಿಗೆ ಸರಿಯಾಗಿ ಬರಬೇಕು. ಪಾಠ ಮಾಡುವಾಗ ಫೋನ್ ಮುಟ್ಟಬಾರದು. ತಿದ್ದಿದ ನೋಟ್‌ಬುಕ್ ವಾರದೊಳಗೆ ವಾಪಸ್ ಕೊಡಬೇಕು. ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು, ಊರಿನ ಹೆಸರಿನಿಂದಲೋ ಅಪ್ಪನ ಕಸುಬಿನಿಂದಲೋ ಅಲ್ಲ. ದುಡ್ಡು ತೆಗೆದುಕೊಂಡು ಮನೆಯಲ್ಲಿ ಟ್ಯೂಷನ್ ಹೇಳುವಂತಿಲ್ಲ, ಇದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನಾವು ತಪ್ಪಿದರೆ ಮಕ್ಕಳು ಹೇಳಬಹುದು. ಹೇಳುತ್ತಾರೆ ಕೂಡ, ಸ್ವಲ್ಪ ಖುಷಿಯಿಂದಲೇ.

ಮಾಸ್ತರ ಮೇಲೆಯೇ ದೂರಿದ್ದರೆ ಯಾರಿಗೆ ಹೇಳಬೇಕು?

ಮೊದಲು ಹೆಡ್ ಮಾಸ್ತರಿಗೆ. ಆಗದಿದ್ದರೆ ಎಸ್‌ಡಿಎಂಸಿಗೆ, ಅಂದರೆ ಶಾಲೆಯನ್ನು ನೋಡಿಕೊಳ್ಳುವ ಸಮಿತಿಗೆ. ಕಾಯ್ದೆ ಪ್ರಕಾರ ಆ ಸಮಿತಿಯ ಮುಕ್ಕಾಲು ಪಾಲು ಮಕ್ಕಳ ಮನೆಯವರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅಲ್ಲೂ ಆಗದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ. ಮಗುವಿನ ಮೈಮೇಲೆ ಯಾರಾದರೂ ಕೆಟ್ಟ ರೀತಿ ಕೈಹಾಕಿದ ವಿಷಯವಾದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಬೇಡಿ. ನೇರ ಪೊಲೀಸ್ ಠಾಣೆಗೋ 1098ಕ್ಕೋ ಹೋಗಿ. ಅಂಥದ್ದನ್ನು ಊರ ಹಿರಿಯರು ಕಟ್ಟೆಯ ಮೇಲೆ ಕೂತು ಬಗೆಹರಿಸುವಂತಿಲ್ಲ.

ಶಾಲೆಗೆ ಯಾವಾಗ ಬಂದು ಮಾತಾಡಬಹುದು? ಕೂಲಿ ಬಿಟ್ಟು ಬರಲು ಆಗುವುದಿಲ್ಲ.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಒಂದು ಗಂಟೆ ನಾವು ಇಲ್ಲೇ ಇರುತ್ತೇವೆ. ಉಳಿದ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲೋ ಸಂಜೆ ಶಾಲೆ ಬಿಟ್ಟ ಮೇಲೋ ಬನ್ನಿ. ಪಾಠ ನಡೆಯುವಾಗ ಕಿಟಕಿಯಿಂದ ಕರೆಯಬೇಡಿ. ಅಪ್ಪನೇ ಬರಬೇಕೆಂದಿಲ್ಲ. ಅವ್ವ, ಅಜ್ಜಿ, ಕಾಕಾ ಯಾರಾದರೂ ಸರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ಇಂಕ್ ಪ್ಯಾಡ್ ಹೆಡ್ ಮಾಸ್ತರ್ ಟೇಬಲ್ಲಿನ ಮೇಲಿದೆ.